ಕಾರು ನಿಂತಿದೆ ಸರಿ, ಕಡತ ಎಲ್ಲಿ ನಿಂತಿದೆ?

ಪ್ರಶ್ನೆ: ತುಮಕೂರು ರಸ್ತೆಯ ಗೊರಗುಂಟೆಪಾಳ್ಯದ ಬಳಿ ನಿಧಾನವಾಗಿ ಸಾಗುತ್ತಿದ್ದಾಗ ಹಿಂದಿನಿಂದ ಒಂದು ಕ್ಯಾಬ್ ಗುದ್ದಿತು. ಆ ರಭಸಕ್ಕೆ ನನ್ನ ಕಾರು ಮುಂದಿದ್ದ ಟೆಂಪೊಗೆ ಬಡಿಯಿತು. ಪಕ್ಕದಲ್ಲಿದ್ದ ಅಮ್ಮನ ಮಣಿಕಟ್ಟಿನ ಮೂಳೆ ಮುರಿದು, ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿದೆವು. ಕ್ಯಾಬ್ ಚಾಲಕರು ಅಲ್ಲಿ ಕ್ಷಮೆ ಕೇಳಿ ಮೊಬೈಲ್ ನಂಬರ್ ಕೊಟ್ಟಿದ್ದರು, ಈಗ ಕರೆ ಎತ್ತುವುದಿಲ್ಲ. ನಾವು ಪೊಲೀಸರಿಗೆ ದೂರು ಕೊಡಲಿಲ್ಲ. ಕಾರು ಅಧಿಕೃತ ಸರ್ವಿಸ್ ಸೆಂಟರ್ ಸೇರಿ 41 ದಿನಗಳಾದವು. ವಿಮಾ ಕಂಪನಿಯಿಂದ ಅನುಮತಿ ಬಂದಿಲ್ಲ ಎಂದು ಅವರು ಹೇಳುತ್ತಾರೆ. ವಿಮಾ ಕಂಪನಿಯ ಸಹಾಯವಾಣಿಯವರು ಸರ್ವಿಸ್ ಸೆಂಟರ್‌ನಿಂದ ಪೂರಕ ಎಸ್ಟಿಮೇಟ್ ಬಂದಿಲ್ಲ ಎನ್ನುತ್ತಾರೆ. ಕ್ಯಾಷ್‌ಲೆಸ್ ಎಂದಿದ್ದರೂ ಒಟ್ಟು 1,20,000 ರೂಪಾಯಿಯ ಬಿಲ್ಲಿನಲ್ಲಿ 52,000 ನಾನೇ ಕಟ್ಟಬೇಕಂತೆ. ಏಜೆಂಟ್ 'ಫುಲ್ ಇನ್ಶೂರೆನ್ಸ್' ಎಂದೇ ಪಾಲಿಸಿ ಮಾಡಿಸಿದ್ದರು. ಕಾರು 1,200 ಸಿಸಿ, ನಾಲ್ಕೂವರೆ ವರ್ಷ ಹಳೆಯದು. ಪಾಲಿಸಿ ಇನ್ನು ಹದಿನೆಂಟು ದಿನಕ್ಕೆ ಮುಗಿಯುತ್ತದೆ. ಕಂತು ಕಟ್ಟುತ್ತಲೇ ಇದ್ದೇನೆ, ಶಾಲೆಗೆ ಆಟೊದಲ್ಲಿ ಹೋಗುತ್ತಿದ್ದೇನೆ. ಕಾರನ್ನು ಅಲ್ಲಿಂದ ಬೇರೆ ಗ್ಯಾರೇಜಿಗೆ ಒಯ್ಯಬಹುದೇ? ಯಾರನ್ನು ಹಿಡಿಯಬೇಕು?
— ಶಿಕ್ಷಕಿ, ವಿದ್ಯಾರಣ್ಯಪುರ

ಉತ್ತರ: ನೀವು ಕೊನೆಯಲ್ಲಿ ಹೇಳಿ ಮುಂದೆ ಸಾಗಿದ ಮಾತನ್ನೇ ನಾನು ಮೊದಲು ಹಿಡಿಯುತ್ತೇನೆ. ಪಾಲಿಸಿ ಹದಿನೆಂಟು ದಿನಕ್ಕೆ ಮುಗಿಯುತ್ತದೆ ಎಂದಿರಿ. ಕಾರು ಗ್ಯಾರೇಜಿನಲ್ಲಿದೆ, ಓಡಿಸುತ್ತಿಲ್ಲ, ಬಂದ ಮೇಲೆ ನೋಡೋಣ ಎಂದು ದಯವಿಟ್ಟು ಬಿಡಬೇಡಿ. ಅವಧಿ ಮುಗಿಯುವ ಮೊದಲೇ ನವೀಕರಿಸಿ. ಒಮ್ಮೆ ಪಾಲಿಸಿ ಕಡಿದುಹೋದರೆ ಹೊಸದನ್ನು ಕೊಡುವ ಮುನ್ನ ಕಂಪನಿ ವಾಹನವನ್ನು ಪರಿಶೀಲಿಸುತ್ತದೆ. ಬಾನೆಟ್ ಇಲ್ಲದೆ, ಬಂಪರ್ ಕಳಚಿಕೊಂಡು ನಿಂತ ಕಾರನ್ನು ಯಾವ ಕಂಪನಿ ಒಪ್ಪುತ್ತದೆ? ರಿಪೇರಿ ಮುಗಿದ ದಿನ ವಿಮೆಯಿಲ್ಲದ ಕಾರನ್ನು ರಸ್ತೆಗೆ ಇಳಿಸುವ ಸ್ಥಿತಿ ಬರುತ್ತದೆ. ಕನಿಷ್ಠ ಮೂರನೆಯ ವ್ಯಕ್ತಿಯ ವಿಮೆಯೂ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯನ್ನು ಭರಿಸುವ ವಿಮೆಯೂ ಇಲ್ಲದೆ ಓಡಿಸುವುದು ಮೋಟಾರು ವಾಹನಗಳ ಕಾಯ್ದೆಯ 146ನೆಯ ಕಲಮಿನಂತೆ ಅಪರಾಧ. ಈಗಿನ ಕ್ಲೇಮ್ ಹಳೆಯ ಪಾಲಿಸಿಯ ಮೇಲೆಯೇ ನಡೆಯುತ್ತದೆ, ನವೀಕರಣದಿಂದ ಅದಕ್ಕೆ ಏನೂ ಆಗದು. ನವೀಕರಿಸುವಾಗ ಕ್ಲೇಮ್ ಆಗಿದೆ ಎಂದು ಸ್ಪಷ್ಟವಾಗಿ ತಿಳಿಸಿ. ನಿಮ್ಮ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯುತ್ತದೆ, ಪ್ರೀಮಿಯಂ ಏರುತ್ತದೆ, ಅದು ಬೇಸರದ ಸಂಗತಿಯೇ. ಆದರೆ 'ಬೋನಸ್ ಉಳಿಸಿಕೊಡುತ್ತೇನೆ, ಬೇರೆ ಕಂಪನಿಗೆ ಹೋಗೋಣ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಂಪನಿಗಳ ನಡುವೆ ಈ ಮಾಹಿತಿಯನ್ನು ತಾಳೆ ನೋಡುತ್ತಾರೆ. ಮುಂದಿನ ಅಪಘಾತದಲ್ಲಿ ಆ ಒಂದು ಸುಳ್ಳು ಇಡೀ ಕ್ಲೇಮಿಗೆ ಮುಳುವಾಗುತ್ತದೆ.

ಈಗ 41 ದಿನಗಳ ಮಾತು. ನಾನು ಇಪ್ಪತ್ತಾರು ವರ್ಷ ಈ ಊರಿನಲ್ಲಿ ಮೋಟಾರು ಸರ್ವೇಯರ್, ಅಂದರೆ ವಿಮಾ ಕ್ಲೇಮಿಗಾಗಿ ವಾಹನದ ಹಾನಿಯನ್ನು ನೋಡಿ ಅಳೆಯುವವನು, ಆಗಿದ್ದವನು. ನಿಮ್ಮಂಥವರ ದನಿ ನನಗೆ ಚೆನ್ನಾಗಿ ಗೊತ್ತು. ಬೆಳಗ್ಗೆ ಸರ್ವಿಸ್ ಸೆಂಟರ್‌ಗೆ ಒಂದು ಕರೆ, ಮಧ್ಯಾಹ್ನ ಸಹಾಯವಾಣಿಗೆ ಒಂದು ಕರೆ, ಸಂಜೆ ಏಜೆಂಟರಿಗೆ ಒಂದು ಕರೆ. ಎಲ್ಲರೂ 'ಮೇಡಂ, ನಾಳೆ ಆಗುತ್ತದೆ' ಎನ್ನುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವಂತೆ ಕಾರು ಗೋಡೆಯ ಬದಿಯಲ್ಲಿ ದೂಳು ತಿನ್ನುತ್ತದೆ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಆದರೆ ನೀವು ಕೇಳುತ್ತಿರುವ ಪ್ರಶ್ನೆಯನ್ನು ಬದಲಿಸಬೇಕು. 'ಕಾರು ಯಾವಾಗ ಕೊಡುತ್ತೀರಿ?' ಎಂದು ಕೇಳಿದರೆ 'ಬೇಗ' ಎಂಬ ಉತ್ತರವೇ ಬರುತ್ತದೆ. 'ನನ್ನ ಕಡತ ಇವತ್ತು ಯಾರ ಮೇಜಿನ ಮೇಲಿದೆ, ಎಂದಿನಿಂದ ಇದೆ?' ಎಂದು ಕೇಳಿ. ಅದಕ್ಕೆ ಹೆಸರು ಮತ್ತು ದಿನಾಂಕವನ್ನೇ ಉತ್ತರವಾಗಿ ಕೊಡಬೇಕಾಗುತ್ತದೆ.

ಮೇಜುಗಳು ನಾಲ್ಕೇ. ಸರ್ವಿಸ್ ಸೆಂಟರ್‌ನ ಬಾಡಿ ಶಾಪ್ ಅಡ್ವೈಸರ್, ಸರ್ವೇಯರ್, ವಿಮಾ ಕಂಪನಿಯ ಕ್ಲೇಮ್ ವಿಭಾಗ, ಬಿಡಿಭಾಗ ಕಳುಹಿಸುವ ಗೋದಾಮು. ಎಸ್ಟಿಮೇಟ್ ಮೊದಲನೆಯವರಿಂದ ಎರಡನೆಯವರಿಗೆ ಹೋಗುತ್ತದೆ. ಸರ್ವೇಯರ್ ಕಾರು ನೋಡಿ ಯಾವುದನ್ನು ಬದಲಿಸಬೇಕು, ಯಾವುದನ್ನು ತಟ್ಟಿ ಸರಿಪಡಿಸಬೇಕು ಎಂದು ಬರೆಯುತ್ತಾರೆ. ಕಂಪನಿ ಒಪ್ಪಿಗೆ ಕೊಡುತ್ತದೆ. ಆಮೇಲೆ ಬಿಡಿಭಾಗ ತರಿಸುತ್ತಾರೆ, ಟಿಂಕರಿಂಗ್, ಪೇಂಟಿಂಗ್ ನಡೆಯುತ್ತದೆ. ಕೊನೆಗೆ ಸರ್ವೇಯರ್ ಮತ್ತೊಮ್ಮೆ ಬಂದು ಹಳೆಯ ಭಾಗಗಳನ್ನೂ ಹೊಸದಾಗಿ ಕೂರಿಸಿದ್ದನ್ನೂ ನೋಡಿ ಅಂತಿಮ ವರದಿ ಕೊಡುತ್ತಾರೆ.

ವಾರಗಳು ಕರಗುವುದು ಎಲ್ಲಿ ಎಂದರೆ ನಿಮ್ಮ ಪತ್ರದಲ್ಲಿಯೇ ಇರುವ ಆ ಪದದಲ್ಲಿ: ಪೂರಕ ಎಸ್ಟಿಮೇಟ್. ಕಾರು ಬಂದ ದಿನ ಅಡ್ವೈಸರ್ ಹೊರಗಿನಿಂದ ಕಂಡಷ್ಟನ್ನು ಬರೆದು ಸರ್ವೇಯರರನ್ನು ಕರೆಸುತ್ತಾರೆ. ಬಂಪರ್, ಬಾನೆಟ್, ಹೆಡ್‌ಲೈಟ್. ಸರ್ವೇಯರ್ ಬಂದು ಫೋಟೊ ತೆಗೆದು ಹೋಗುತ್ತಾರೆ. ಹತ್ತು ದಿನದ ನಂತರ ಮುಂಭಾಗ ಬಿಚ್ಚಿದಾಗ ರೇಡಿಯೇಟರ್ ಹಿಡಿಯುವ ಚೌಕಟ್ಟು ಬಾಗಿದೆ, ಎಸಿ ಕಂಡೆನ್ಸರ್ ಸೋರುತ್ತಿದೆ ಎಂದು ಗೊತ್ತಾಗುತ್ತದೆ. ಅವನ್ನು ಪೂರಕ ಎಸ್ಟಿಮೇಟಿನಲ್ಲಿ ಬರೆದು ಮತ್ತೆ ಸರ್ವೇಯರರಿಗೆ ಕಳುಹಿಸಬೇಕು, ಅವರು ಮತ್ತೆ ಬರಬೇಕು. ಕೆಲವು ಕಾರುಗಳಿಗೆ ಹೀಗೆ ಮೂರು ಸಲ ಆಗುತ್ತದೆ. ಪ್ರತಿ ಸಲವೂ ಒಂದು ವಾರ ಹೋಯಿತೆಂದು ಲೆಕ್ಕ ಹಿಡಿಯಿರಿ. ಮೊದಲ ದಿನವೇ ಕಾರನ್ನು ಬಿಚ್ಚಿಸಿ, ಎಲ್ಲ ಹಾನಿಯನ್ನೂ ಒಂದೇ ಎಸ್ಟಿಮೇಟಿನಲ್ಲಿ ಬರೆಸಿ, ಆಮೇಲೆ ಸರ್ವೇಯರರನ್ನು ಕರೆಸುವುದೇ ಸರಿಯಾದ ಕ್ರಮ. ಬಿಚ್ಚಲು ನಿಮ್ಮ ಸಹಿ ಬೇಕು. ಆ ಸಹಿಯನ್ನು ಮೊದಲ ದಿನವೇ ಹಾಕಿಕೊಡಿ ಎಂದು ನಾನು ಪರಿಚಿತರಿಗೆಲ್ಲ ಹೇಳುತ್ತಿದ್ದೆ. ನಿಮಗೆ ಆ ಸಮಯ ಮೀರಿದೆ. ಆದರೂ ಈಗಲಾದರೂ ಹಿಂಭಾಗವನ್ನೂ ಪೂರ್ತಿ ಬಿಚ್ಚಿ ನೋಡಿದ್ದಾರೆಯೇ ಎಂದು ಕೇಳಿ. ಗುದ್ದಿದ್ದು ಹಿಂದಿನಿಂದ. ಡಿಕ್ಕಿಯ ನೆಲ, ಹಿಂದಿನ ಪ್ಯಾನೆಲ್ ಬಾಗಿದ್ದರೆ ಕೊನೆಯ ಗಳಿಗೆಯಲ್ಲಿ ಮತ್ತೊಂದು ಪೂರಕ ಎಸ್ಟಿಮೇಟ್ ಎದ್ದು ಬರುತ್ತದೆ.

ಒಂದು ಪ್ರಸಂಗ ನೆನಪಾಗುತ್ತದೆ. ಒಬ್ಬರ ಕಾರು ಹೀಗೆಯೇ ನಿಂತಿತ್ತು. ಸರ್ವಿಸ್ ಸೆಂಟರ್‌ನವರು ಕಳುಹಿಸಿದ್ದೇವೆ ಎಂದು ಆಣೆ ಮಾಡುತ್ತಿದ್ದರು, ಕಂಪನಿಯವರು ಬಂದಿಲ್ಲ ಎನ್ನುತ್ತಿದ್ದರು. ಕಾರಿನ ಮಾಲೀಕರು ಒಂದು ದಿನ ಬಾಡಿ ಶಾಪಿನಲ್ಲಿಯೇ ಕುಳಿತು, ಕಳುಹಿಸಿದ ಮೇಲ್ ಅನ್ನು ತೆರೆದು ತೋರಿಸಿ ಎಂದು ಕೇಳಿದರು. ನೋಡಿದರೆ ಅದು ಆ ಫೈಲಿನಿಂದ ಬದಲಾಗಿದ್ದ ಹಿಂದಿನ ಸರ್ವೇಯರರ ವಿಳಾಸಕ್ಕೆ ಹೋಗಿತ್ತು. ಹತ್ತೊಂಬತ್ತು ದಿನ ಯಾರೂ ನೋಡಿರಲಿಲ್ಲ. ಇಬ್ಬರೂ ಸುಳ್ಳು ಹೇಳಿರಲಿಲ್ಲ, ಇಬ್ಬರೂ ಪರಿಶೀಲಿಸಿಯೂ ಇರಲಿಲ್ಲ. ಹೊಸದಾಗಿ ಬಂದಿದ್ದ ಆ ಸರ್ವೇಯರ್ ನಾನೇ. ಮೂರು ದಿನದಲ್ಲಿ ಕೆಲಸ ಮುಗಿಸಿಕೊಟ್ಟೆ. ಆದರೆ ಆ ಹತ್ತೊಂಬತ್ತು ದಿನವನ್ನು ಅವರಿಗೆ ಯಾರೂ ಹಿಂದಿರುಗಿಸಲಿಲ್ಲ.

ಆದ್ದರಿಂದ ನಾಳೆ ನೀವು ಮಾಡಬೇಕಾದ ಕೆಲಸ ಇದು. ಖುದ್ದಾಗಿ ಸರ್ವಿಸ್ ಸೆಂಟರ್‌ಗೆ ಹೋಗಿ. ಪೂರಕ ಎಸ್ಟಿಮೇಟನ್ನು ಯಾರಿಗೆ, ಎಂದು, ಯಾವ ವಿಳಾಸಕ್ಕೆ ಕಳುಹಿಸಿದರು ಎಂದು ಪರದೆಯ ಮೇಲೆಯೇ ನೋಡಿ. ಅದರ ಒಂದು ಪ್ರತಿ ತೆಗೆದುಕೊಳ್ಳಿ. ಸರ್ವೇಯರರ ಹೆಸರು, ಮೊಬೈಲ್ ನಂಬರ್ ಪಡೆಯಿರಿ. ಕ್ಲೇಮ್ ದಾಖಲಾದಾಗ ನಿಮಗೆ ಬಂದ ಸಂದೇಶದಲ್ಲಿಯೂ ಅದು ಇದ್ದಿರಬಹುದು. ಮನೆಗೆ ಬಂದು ಸರ್ವಿಸ್ ಸೆಂಟರ್, ಸರ್ವೇಯರ್, ವಿಮಾ ಕಂಪನಿ ಮೂವರಿಗೂ ಸೇರಿಸಿ ಒಂದೇ ಮೇಲ್ ಬರೆಯಿರಿ. ಬೇರೆ ಬೇರೆ ಬರೆದರೆ ಮತ್ತೆ ಬೇರೆ ಬೇರೆ ಉತ್ತರ ಬರುತ್ತದೆ. ಮಾತು ಹೀಗಿರಲಿ: 'ಕ್ಲೇಮ್ ಸಂಖ್ಯೆ ಇಂಥದ್ದು. ನನ್ನ ವಾಹನ ಇಂಥ ದಿನದಿಂದ ನಿಮ್ಮಲ್ಲಿದೆ. ಇಂಥ ದಿನ ಇಷ್ಟು ರೂಪಾಯಿಯ ಪೂರಕ ಎಸ್ಟಿಮೇಟ್ ಕಳುಹಿಸಿರುವುದಾಗಿ ಸರ್ವಿಸ್ ಸೆಂಟರ್ ತಿಳಿಸಿದೆ, ಪ್ರತಿ ಲಗತ್ತಿಸಿದ್ದೇನೆ. ಸರ್ವೇಯರ್ ಮರುಪರಿಶೀಲನೆಗೆ ಬರುವ ದಿನಾಂಕ, ಕಂಪನಿಯ ಒಪ್ಪಿಗೆ ದೊರೆಯುವ ದಿನಾಂಕ, ಬಿಡಿಭಾಗಗಳ ಆರ್ಡರ್ ಸಂಖ್ಯೆ ಮತ್ತು ದಿನಾಂಕ, ಈ ಮೂರನ್ನೂ ಇದೇ ಮೇಲ್‌ಗೆ ಉತ್ತರವಾಗಿ ತಿಳಿಸಬೇಕು.' ಕೋಪದ ಮಾತು ಬೇಡ, ಉದ್ದದ ಕಥೆಯೂ ಬೇಡ. ಓದುವವರಿಗೆ ತಪ್ಪಿಸಿಕೊಳ್ಳಲು ಜಾಗ ಇರಬಾರದು, ಅಷ್ಟೇ. ಇನ್ನು ಮುಂದೆ ಫೋನಿನಲ್ಲಿ ಯಾರು ಏನು ಹೇಳಿದರೂ, 'ನೀವು ಈಗ ಹೀಗೆಂದಿರಿ' ಎಂದು ಅದನ್ನೇ ಎರಡು ಸಾಲಿನಲ್ಲಿ ಮೇಲ್ ಮಾಡಿ. ಬಾಯಿಮಾತು ಗಾಳಿಗೆ ಹೋಗುತ್ತದೆ. ಮುಂದೆ ದೂರು ಕೊಡುವ ಸಂದರ್ಭ ಬಂದರೆ ಈ ಸಾಲುಗಳೇ ನಿಮ್ಮ ಸಾಕ್ಷಿ.

ನಿಮ್ಮ ಬೆನ್ನಿಗೆ ನಿಯಮವೂ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆ ಸಾಮಾನ್ಯ ವಿಮೆಯ ಕ್ಲೇಮುಗಳಿಗೆ ಗಡುವು ಗೊತ್ತುಮಾಡಿದೆ. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರರನ್ನು ನೇಮಿಸಬೇಕು, ಅವರ ವರದಿ 15 ದಿನದೊಳಗೆ ಬರಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನಿಸಬೇಕು. ಮೋಟಾರು ಹಾನಿ 50,000 ರೂಪಾಯಿ ಅಥವಾ ಹೆಚ್ಚಿದ್ದರೆ ಪರವಾನಗಿ ಇರುವ ಸರ್ವೇಯರರೇ ಬರಬೇಕು. ನಿಮ್ಮದು ಆ ಮಿತಿಯನ್ನು ಯಾವಾಗಲೋ ದಾಟಿದೆ. 'ಪೂರಕ ಎಸ್ಟಿಮೇಟ್ ಬಾರದೆ ವರದಿ ಹೇಗೆ ಕೊಡುವುದು' ಎಂದು ಕಂಪನಿ ಹೇಳಬಹುದು, ಅದರಲ್ಲಿ ಅಷ್ಟಿಷ್ಟು ನ್ಯಾಯವೂ ಇದೆ. ಅದಕ್ಕೇ ಆ ಎಸ್ಟಿಮೇಟ್ ತಲುಪಿದ ದಿನವನ್ನು ಬರಹದಲ್ಲಿ ಕಟ್ಟಿಹಾಕಬೇಕೆಂದು ನಾನು ಒತ್ತಿ ಹೇಳುತ್ತಿರುವುದು. ಸರ್ವೇ ವರದಿಯ ಪ್ರತಿಯನ್ನು ನೀವು ಕೇಳಿ ಪಡೆಯಬಹುದು. ಕೇಳಿ ಪಡೆಯಿರಿ, ಮುಂದಿನ ಲೆಕ್ಕಕ್ಕೆ ಅದು ಬೇಕು.

52,000 ರೂಪಾಯಿಯ ಲೆಕ್ಕ. 'ಫುಲ್ ಇನ್ಶೂರೆನ್ಸ್' ಎಂಬ ಹೆಸರಿನ ಪಾಲಿಸಿ ಎಲ್ಲಿಯೂ ಇಲ್ಲ. ನಿಮ್ಮಲ್ಲಿರುವುದು ಸಮಗ್ರ ವಿಮೆ ಇರಬೇಕು. ಅದರಲ್ಲಿ ನಿಮ್ಮ ಕಾರಿನ ಹಾನಿಗೂ ಹಣ ಸಿಗುತ್ತದೆ, ಆದರೆ ಸವಕಳಿ, ಅಂದರೆ ಭಾಗ ಹಳೆಯದಾದಂತೆ ತಗ್ಗಿದ ಬೆಲೆ, ಕಳೆದು. ಸವಕಳಿ ಕಳೆಯದೆ ಕೊಡುವುದಕ್ಕೆ ಜೀರೋ ಡೆಪ್ರಿಸಿಯೇಶನ್ ಎಂಬ ಬೇರೆ ರಕ್ಷಣೆಯನ್ನು ಹೆಚ್ಚುವರಿ ಹಣ ಕೊಟ್ಟು ಪಡೆಯಬೇಕು. 'ಬಂಪರ್ ಟು ಬಂಪರ್' ಎಂದು ಏಜೆಂಟರು ಕರೆಯುವುದು ಅದನ್ನೇ. ಪಾಲಿಸಿಯ ಪುಟದಲ್ಲಿ ಅದಕ್ಕೆ ಪ್ರತ್ಯೇಕ ಪ್ರೀಮಿಯಂ ಬರೆದಿದೆಯೇ ನೋಡಿ. ಇದ್ದರೆ ಈ ಲೆಕ್ಕವೇ ಬೇರೆಯಾಗುತ್ತದೆ, ನೀವು ಕಟ್ಟಬೇಕಾದದ್ದು ಬಹಳ ಕಡಿಮೆ. ಇಲ್ಲ ಎಂದಿಟ್ಟುಕೊಂಡು ಹೇಳುತ್ತೇನೆ.

ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳು, ಟೈರು, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30. ಗಾಜಿಗೆ ಏನೂ ಕಳೆಯುವಂತಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡುತ್ತಾರೆ. ನಾಲ್ಕು ದಾಟಿ ಐದು ವರ್ಷದೊಳಗಿನ ಕಾರಿಗೆ ಶೇ. 35. ಪೇಂಟಿಂಗ್‌ನಲ್ಲಿ ಬಣ್ಣದ ಸಾಮಗ್ರಿಗೆ ಮಾತ್ರ ಅರ್ಧ ಕಳೆಯಬೇಕು. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಎಂದು ಬಿಡಿಸಿ ಬರೆಯದಿದ್ದರೆ ಒಟ್ಟು ಪೇಂಟಿಂಗ್ ಮೊತ್ತದ ಶೇ. 25ನ್ನು ಸಾಮಗ್ರಿ ಎಂದು ಹಿಡಿಯುತ್ತಾರೆ. ಕೂಲಿಗೆ ಸವಕಳಿ ಇಲ್ಲ. ಎಲ್ಲಕ್ಕೂ ಕೊನೆಯಲ್ಲಿ, 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿಯ ಕಡ್ಡಾಯ ಕಡಿತ, ಅಷ್ಟನ್ನು ಮಾಲೀಕರೇ ಭರಿಸಬೇಕು.

ನಿಮ್ಮ ಬಿಲ್ಲಿನ ವಿವರ ನನ್ನ ಬಳಿ ಇಲ್ಲ. ಆದರೂ ಅಂಥ ಅಪಘಾತದ 1,20,000 ಸಾಮಾನ್ಯವಾಗಿ ಹೇಗೆ ಹಂಚಿಕೊಂಡಿರುತ್ತದೆ ಎಂದು ಕೂಡಿಸಿ ನೋಡೋಣ. ಎರಡು ಬಂಪರ್ 16,000, ಅದರಲ್ಲಿ ನಿಮ್ಮ ಪಾಲು 8,000. ಎರಡು ಹೆಡ್‌ಲೈಟ್ 18,000, ಅವನ್ನೂ ಪ್ಲಾಸ್ಟಿಕ್ಕಿಗೇ ಸೇರಿಸುತ್ತಾರೆ, ನಿಮ್ಮ ಪಾಲು 9,000. ಬಾನೆಟ್, ಫೆಂಡರ್, ಡಿಕ್ಕಿಯ ಬಾಗಿಲು, ರೇಡಿಯೇಟರ್ ಚೌಕಟ್ಟು ಎಲ್ಲ ಸೇರಿ ಲೋಹದ ಭಾಗ 36,000 ಎಂದರೆ ನಿಮ್ಮ ಪಾಲು 12,600. ಮುಂದಿನ ಗಾಜು 9,000, ನಿಮ್ಮ ಪಾಲು ಇಲ್ಲ. ಪೇಂಟಿಂಗ್ 24,000, ಅದರ ಕಾಲು ಭಾಗ 6,000, ಅದರ ಅರ್ಧ 3,000 ನಿಮ್ಮದು. ಕೂಲಿ 14,000, ನಿಮ್ಮ ಪಾಲು ಇಲ್ಲ. ಕೂಲಂಟ್, ಎಸಿ ಗ್ಯಾಸ್, ಕ್ಲಿಪ್ಪು, ನಟ್ಟು ಬೋಲ್ಟುಗಳ 3,000 ಪೂರ್ತಿ ನಿಮ್ಮದೇ, ಅವಕ್ಕೂ ಪ್ರತ್ಯೇಕ ರಕ್ಷಣೆ ಪಡೆದಿರದಿದ್ದರೆ. ಕಡ್ಡಾಯ ಕಡಿತ 1,000. ಕೂಡಿಸಿದರೆ 36,600. ಅವರು ಹೇಳುತ್ತಿರುವುದು 52,000. ನಡುವಿನ 15,400 ರೂಪಾಯಿ ಏನು ಎಂಬುದನ್ನು ಸಾಲು ಸಾಲಾಗಿ ಕೇಳುವ ಹಕ್ಕು ನಿಮಗಿದೆ.

ಆ ವ್ಯತ್ಯಾಸ ಬರುವ ಜಾಗಗಳು ನನಗೆ ಗೊತ್ತು. ಸರ್ವೇಯರ್ 'ಫೆಂಡರ್ ತಟ್ಟಿ ಸರಿಪಡಿಸಿ' ಎಂದು ಬರೆದಿರುತ್ತಾರೆ, ಸರ್ವಿಸ್ ಸೆಂಟರ್ ಹೊಸದನ್ನೇ ಹಾಕುತ್ತದೆ, ಹೆಚ್ಚಿನ ಹಣ ನಿಮ್ಮ ತಲೆಗೆ ಬರುತ್ತದೆ. ನಿಮ್ಮನ್ನು ಕೇಳಿ ಹಾಕಿದ್ದರೆ ಸರಿ, ಕೇಳದೆ ಹಾಕಿದ್ದರೆ ನೀವು ಕೊಡಬೇಕಾಗಿಲ್ಲ. ಅಪಘಾತಕ್ಕೆ ಸಂಬಂಧವಿಲ್ಲದ ಹಳೆಯ ಗೀರಿನ ಕೆಲಸ ಸೇರಿರಬಹುದು. ಇಷ್ಟು ದಿನ ಕಾರು ನಿಲ್ಲಿಸಿದ್ದಕ್ಕೆ ಬಾಡಿಗೆ ಎಂದು ಹಾಕಿರಬಹುದು, ತಡ ಅವರದೇ ಆಗಿದ್ದರೆ ಅದನ್ನು ಖಂಡಿತ ಒಪ್ಪಬೇಡಿ. ಸರ್ವೇ ವರದಿಯನ್ನು ಒಂದು ಕಡೆ, ಬಿಲ್ಲನ್ನು ಒಂದು ಕಡೆ ಇಟ್ಟು ತಾಳೆ ನೋಡಿ. ಮಕ್ಕಳ ಉತ್ತರ ಪತ್ರಿಕೆ ತಿದ್ದುವವರು ನೀವು, ಈ ಕೆಲಸ ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ.

ಇದೇ ಮಾತಿಗೆ ಸೇರಿದ್ದು ಇನ್ನೊಂದು. ಕೆಲವು ಪಾಲಿಸಿಗಳಲ್ಲಿ ಕಾರು ರಿಪೇರಿಯಲ್ಲಿರುವಷ್ಟು ದಿನ ದಿನಭತ್ಯೆ ಕೊಡುವ ಹೆಚ್ಚುವರಿ ರಕ್ಷಣೆ ಇರುತ್ತದೆ. ಎಷ್ಟೋ ಜನರಿಗೆ ತಮ್ಮ ಪಾಲಿಸಿಯಲ್ಲಿ ಅದು ಇದೆ ಎಂದೇ ಗೊತ್ತಿರುವುದಿಲ್ಲ, ಕೇಳುವುದೂ ಇಲ್ಲ. ಆಟೊಗೆ ಕೊಡುತ್ತಿರುವ ಹಣದಲ್ಲಿ ಸ್ವಲ್ಪವಾದರೂ ಅದರಿಂದ ಬರಬಹುದು. ಬೇರೆಡೆಯಿಂದ ಟೋಯಿಂಗ್ ಮಾಡಿಸಿ ಹಣ ಕೊಟ್ಟಿದ್ದರೆ ಸಾಮಾನ್ಯ ಪಾಲಿಸಿಯಲ್ಲಿಯೇ 1,500 ರೂಪಾಯಿವರೆಗೆ ಸಿಗುತ್ತದೆ, ರಸೀದಿ ಇಟ್ಟುಕೊಂಡಿರಿ.

ಬೇರೆ ಗ್ಯಾರೇಜಿಗೆ ಒಯ್ಯುವ ಬಗ್ಗೆ. ಒಯ್ಯುವ ಸ್ವಾತಂತ್ರ್ಯ ನಿಮಗಿದೆ, ಕಾರು ನಿಮ್ಮದು. ಆದರೆ ಬಿಚ್ಚಿದ ಕಾರನ್ನು ಈಗ ಎಬ್ಬಿಸುವುದು ನನ್ನ ಮಟ್ಟಿಗೆ ಒಳ್ಳೆಯ ಯೋಚನೆಯಲ್ಲ. ಬಿಚ್ಚಿದ್ದಕ್ಕೆ ಕೂಲಿ ಕೇಳುತ್ತಾರೆ, ಲಾರಿಯ ಮೇಲೆ ಹೇರಿ ಸಾಗಿಸಬೇಕು, ಸಣ್ಣ ಪುಟ್ಟ ಕ್ಲಿಪ್ಪು ಬ್ರ್ಯಾಕೆಟ್ಟುಗಳು ಕಾಣೆಯಾಗುತ್ತವೆ, ಹೊಸ ಗ್ಯಾರೇಜಿನ ಎಸ್ಟಿಮೇಟಿಗೆ ಮತ್ತೆ ಸರ್ವೇ ಆಗಬೇಕು. ಹೊಸ ಗ್ಯಾರೇಜು ಕಂಪನಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಕ್ಯಾಷ್‌ಲೆಸ್ ಸಿಗದೆ, ಪೂರ್ತಿ ಹಣ ನೀವೇ ಕಟ್ಟಿ ಆಮೇಲೆ ಕಂಪನಿಯಿಂದ ವಸೂಲು ಮಾಡಬೇಕಾಗಬಹುದು. ಒಂದೇ ಸಂದರ್ಭದಲ್ಲಿ ಒಯ್ಯಿರಿ ಎನ್ನುತ್ತೇನೆ: ಒಪ್ಪಿಗೆ ಬಂದ ಮೇಲೂ ಬಿಡಿಭಾಗಕ್ಕೆ ಆರ್ಡರ್ ಹಾಕಿಲ್ಲ ಎಂದು ತಿಳಿದುಬಂದರೆ. 'ಪಾರ್ಟ್ಸ್ ಬಂದಿಲ್ಲ' ಎಂಬ ಮಾತಿಗೂ 'ಪಾರ್ಟ್ಸ್‌ಗೆ ಆರ್ಡರ್ ಹಾಕಿಲ್ಲ' ಎಂಬ ಸ್ಥಿತಿಗೂ ಅಜಗಜಾಂತರ. ಅದಕ್ಕೇ ಆರ್ಡರ್ ಸಂಖ್ಯೆ ಕೇಳಿ ಎಂದದ್ದು. ಆರ್ಡರ್ ಹಾಕಿದ್ದು ನಿಜ, ಒಂದೇ ಒಂದು ಭಾಗಕ್ಕೆ ಕಾಯುತ್ತಿದ್ದಾರೆ ಎಂದಾದರೆ, ಊರಿನಲ್ಲಿ ಅದೇ ಕಾರು ಕಂಪನಿಯ ಬೇರೆ ಡೀಲರುಗಳ ಬಳಿ ಇದೆಯೇ ಎಂದು ವಿಚಾರಿಸಲು ಅಡ್ವೈಸರರನ್ನು ಒತ್ತಾಯಿಸಿ. ಹೆಚ್ಚು ಓಡುವ ಮಾದರಿಗಳಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿಯೂ ಕಂಪನಿಯ ಅಸಲಿ ಮಾಲು ಸಿಗುವುದುಂಟು. ಆದರೆ ಸರ್ವೇಯರರಿಗೂ ಸರ್ವಿಸ್ ಸೆಂಟರ್‌ಗೂ ಲಿಖಿತವಾಗಿ ತಿಳಿಸದೆ ನೀವೇ ಕೊಂಡು ತರಬೇಡಿ. ಬಿಲ್ಲು ಹೊಂದದೆ ಹೋದರೆ ಆ ಹಣ ಸಿಗದು.

ಕೆಲವೊಮ್ಮೆ ತಡಕ್ಕೆ ಯಾರ ಅಲಕ್ಷ್ಯವೂ ಕಾರಣವಾಗಿರುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರ ವರ್ತುಲ ರಸ್ತೆಯ ಬದಿಯ ಬಡಾವಣೆಗಳು ಮುಳುಗಿದಾಗ ಸರ್ವಿಸ್ ಸೆಂಟರ್‌ಗಳ ಅಂಗಳದಲ್ಲಿ ಕೆಸರು ತುಂಬಿದ ಕಾರುಗಳು ಸಾಲುಗಟ್ಟಿದ್ದವು. ಆಗ ನಾವು ಸರ್ವೇಯರುಗಳು ರಾತ್ರಿ ಟಾರ್ಚ್ ಹಿಡಿದು ಕೆಲಸ ಮಾಡಿದ್ದೇವೆ. ಅಂಥ ಸಮಯದಲ್ಲಿ ತಾಳ್ಮೆ ಬೇಕು. ನಿಮ್ಮದು ಅಂಥ ಸಮಯವಲ್ಲ.

ಮೇಲ್ ಕಳುಹಿಸಿ ಒಂದು ವಾರ ನೋಡಿ. ತೃಪ್ತಿಕರ ಉತ್ತರ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ವಿಳಾಸ ಪಾಲಿಸಿಯಲ್ಲಿಯೇ ಇರುತ್ತದೆ. ಎರಡು ವಾರದೊಳಗೆ ಅವರು ಇತ್ಯರ್ಥಪಡಿಸಬೇಕು. ಜೊತೆಯಲ್ಲಿಯೇ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಿ, ಅಥವಾ 155255ಕ್ಕೆ ಕರೆ ಮಾಡಿ. ಆ ದೂರಿನ ಸಂಖ್ಯೆ ಕಂಪನಿಯ ಒಳಗೆ ಕಡತವನ್ನು ಎಷ್ಟು ಬೇಗ ಕದಲಿಸುತ್ತದೆ ಎಂಬುದನ್ನು ನಾನು ಆ ಕಡೆ ನಿಂತು ಕಂಡವನು. ಕಂಪನಿಗೆ ಬರೆದು ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಿಲ್ಲ ಎಂದಾದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿ, ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಒಂದನೆಯ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗಿನ ವಿವಾದವನ್ನು ಅವರು ಕೇಳುತ್ತಾರೆ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು.

ಇಲ್ಲಿ ಒಂದು ಎಚ್ಚರ. ಒಂಬುಡ್ಸ್‌ಮನ್ ವಿಮಾ ಕಂಪನಿಯನ್ನು ಪ್ರಶ್ನಿಸಬಲ್ಲರು, ಸರ್ವಿಸ್ ಸೆಂಟರ್ ಅನ್ನು ಅಲ್ಲ. ತಡ ಸರ್ವಿಸ್ ಸೆಂಟರ್‌ನದೇ ಎಂದು ನಿಮ್ಮ ಮೇಲ್‌ಗಳಿಂದ ಖಚಿತವಾದರೆ ದಾರಿ ಬೇರೆ: ಮೊದಲು ಕಾರು ತಯಾರಕರ ಗ್ರಾಹಕ ವಿಭಾಗ, ಆಮೇಲೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶ ಇದೆ, ಕಂಪನಿ ಮತ್ತು ಸರ್ವಿಸ್ ಸೆಂಟರ್ ಇಬ್ಬರನ್ನೂ ಒಟ್ಟಿಗೆ ಪ್ರತಿವಾದಿ ಮಾಡಬಹುದು. ಆದರೆ ಆಯೋಗದಲ್ಲಿ ಪ್ರಕರಣ ಹೂಡಿದ ಮೇಲೆ ಅದೇ ವಿಷಯಕ್ಕೆ ಒಂಬುಡ್ಸ್‌ಮನ್ ಬಳಿ ಹೋಗಲಾಗದು. ಆದ್ದರಿಂದ ಆತುರದಲ್ಲಿ ಹೂಡಬೇಡಿ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ, ನಿಮ್ಮ ತಾಯಿಯವರ ಕೈ. ಕಾರಿನ ತಗಡನ್ನು ನಿಮ್ಮ ಪಾಲಿಸಿ ನೋಡಿಕೊಳ್ಳುತ್ತದೆ. ಅವರ ನೋವಿಗೆ, ಚಿಕಿತ್ಸೆಯ ಖರ್ಚಿಗೆ, ಆ ಕೈಯಿಂದ ಮಾಡಲಾಗದೆ ಹೋದ ಕೆಲಸಗಳಿಗೆ ಪರಿಹಾರ ಕೊಡಬೇಕಾದವರು ಕ್ಯಾಬಿನ ಮಾಲೀಕರು ಮತ್ತು ಅವರ ವಿಮಾ ಕಂಪನಿ. ಅದನ್ನು ಕೇಳುವ ಜಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಆ ನ್ಯಾಯಮಂಡಳಿಯಾಗಿ ಈ ಪ್ರಕರಣಗಳನ್ನು ನಡೆಸುತ್ತದೆ. ನಿಮ್ಮ ಜೇಬಿನಿಂದ ಹೋಗುವ ಮೂವತ್ತು ಚಿಲ್ಲರೆ ಸಾವಿರವನ್ನೂ ಕ್ಯಾಬಿನವರಿಂದ ಕೇಳಬಹುದು, ಖಾಸಗಿ ಕಾರಾಗಲಿ ಕ್ಯಾಬಾಗಲಿ ಸಾಮಾನ್ಯವಾಗಿ 7.5 ಲಕ್ಷದವರೆಗಿನ ಆಸ್ತಿ ಹಾನಿ ಮೂರನೆಯ ವ್ಯಕ್ತಿಯ ವಿಮೆಯಲ್ಲಿ ಸೇರಿರುತ್ತದೆ. ಬರೀ ಆ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಎಂದು ನಾನು ಹೇಳುತ್ತಿರಲಿಲ್ಲ. ಮೂಳೆ ಮುರಿದಿರುವಾಗ ಹತ್ತಲೇಬೇಕು.

ಅದಕ್ಕೆ ಪೊಲೀಸ್ ದಾಖಲೆ ಬೇಕು. ಯಾರಿಗಾದರೂ ಗಾಯವಾದ ಅಪಘಾತವನ್ನು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂದು ಕಾಯ್ದೆಯ 134ನೆಯ ಕಲಂ ಚಾಲಕರಿಗೆ ಹೇಳುತ್ತದೆ. ಆ ಸಮಯ ಮೀರಿದ್ದರೂ ಈಗ ಹೋಗಿ. ಬೆಂಗಳೂರಿನಲ್ಲಿ ಅಪಘಾತದ ದೂರನ್ನು ಆ ಜಾಗದ ವ್ಯಾಪ್ತಿಯ ಸಂಚಾರ ಪೊಲೀಸ್ ಠಾಣೆಯಲ್ಲಿ ಕೊಡಬೇಕು, ನಿಮ್ಮ ಮನೆಯ ಹತ್ತಿರದ ಠಾಣೆಯಲ್ಲಿ ಅಲ್ಲ. ತಡವಾದದ್ದೇಕೆ ಎಂದು ನಿಜವನ್ನೇ ಬರೆಯಿರಿ: ತಾಯಿಯ ಚಿಕಿತ್ಸೆಯಲ್ಲಿದ್ದಿರಿ, ಚಾಲಕರು ಹೊಣೆ ಹೊರುವುದಾಗಿ ಹೇಳಿದ್ದನ್ನು ನಂಬಿದಿರಿ. ಆಸ್ಪತ್ರೆಯಲ್ಲಿ ರಸ್ತೆ ಅಪಘಾತ ಎಂದು ಹೇಳಿದ್ದರೆ ಅವರು ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ ಎಂದು ದಾಖಲಿಸಿರಬೇಕು. ಆ ದಾಖಲೆ, ಎಕ್ಸ್‌ರೇ, ಬಿಡುಗಡೆ ಪತ್ರ, ಎಲ್ಲ ಬಿಲ್ಲುಗಳನ್ನು ಜೊತೆಗಿಡಿ. ಕ್ಯಾಬಿನ ಫೋಟೊ ನಿಮ್ಮ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ನೋಂದಣಿ ಸಂಖ್ಯೆ ಇದ್ದರೆ ಸಾರಿಗೆ ಇಲಾಖೆಯ ಎಂಪರಿವಾಹನ್ ಆ್ಯಪಿನಲ್ಲಿ ಅದರ ವಿಮೆಯ ವಿವರ ಸಿಗುತ್ತದೆ, ಚಾಲಕರು ಕರೆ ಎತ್ತದಿದ್ದರೂ ಪರವಾಗಿಲ್ಲ. ನ್ಯಾಯಮಂಡಳಿಗೆ ಅರ್ಜಿ ಹಾಕಲು ಅಪಘಾತವಾದ ದಿನದಿಂದ ಆರು ತಿಂಗಳು ಎಂಬ ಮಿತಿ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿರುವುದು ನಿಜ, ಅದನ್ನು ನೆಚ್ಚಿಕೊಂಡು ಕೂರಬೇಡಿ. ಮೋಟಾರು ಅಪಘಾತದ ಪ್ರಕರಣಗಳನ್ನೇ ನಡೆಸುವ ಒಬ್ಬ ವಕೀಲರನ್ನು ಈ ತಿಂಗಳೇ ಕಾಣಿರಿ.

ಕಾರು ತಯಾರಾಗಿದೆ ಎಂದು ಕರೆ ಬಂದ ದಿನ ಸಂಜೆ ಹೊತ್ತು ಹೋಗಬೇಡಿ, ಬೆಳಗಿನ ಬೆಳಕಿನಲ್ಲಿ ಹೋಗಿ. ಬಣ್ಣದ ವ್ಯತ್ಯಾಸ ಹಗಲಿನಲ್ಲಿಯೇ ಕಾಣುವುದು. ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಎರಡೂ ಬದಿಯಲ್ಲಿ ಒಂದೇ ಸಮ ಇದೆಯೇ ಎಂದು ಬೆರಳಿಟ್ಟು ನೋಡಿ. ಡ್ಯಾಷ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹೊತ್ತಿ ಆರಬೇಕು. ಎಸಿ ಹಾಕಿ ಹತ್ತು ನಿಮಿಷ ಓಡಿಸಿ, ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತದೆಯೇ ಗಮನಿಸಿ. ಇಷ್ಟು ದಿನ ನಿಂತ ಕಾರುಗಳಲ್ಲಿ ಇಲಿ ವೈರು ಕಡಿದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಾನೆಟ್ ಎತ್ತಿಸಿ, ಎಲ್ಲ ದೀಪ, ಹಾರ್ನ್, ವೈಪರ್ ಹಾಕಿಸಿ ನೋಡಿ. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಲು ಹೇಳಿ. ಇದೆಲ್ಲ ಆಗುವ ಮೊದಲೇ 'ಕೆಲಸ ತೃಪ್ತಿಕರವಾಗಿದೆ' ಎಂಬ ವೋಚರನ್ನು ಮುಂದೆ ಚಾಚಿ ಸಹಿ ಕೇಳುತ್ತಾರೆ. ಏನಾದರೂ ಬಾಕಿ ಇದ್ದರೆ ಆ ಕಾಗದದ ಮೇಲೆಯೇ ನಿಮ್ಮ ಕೈಬರಹದಲ್ಲಿ ಬರೆದು, ದಿನಾಂಕ ಹಾಕಿ, ಅಡ್ವೈಸರರ ಸಹಿಯನ್ನೂ ಪಡೆದು, ಒಂದು ಫೋಟೊ ತೆಗೆದುಕೊಂಡ ಮೇಲೆಯೇ ಬೀಗದ ಕೈ ಇಸಿದುಕೊಳ್ಳಿ.